ಸಂಬಳ ಎಷ್ಟು?



ಮದುವೆಯ ಪಂಕ್ತಿಯಲ್ಲಾಗಲಿ, ಭಾನುವಾರ ದೇವಾಲಯದ ಅಂಗಳದಲ್ಲಾಗಲಿ, ಸಕಲೇಶಪುರದ ಸಂತೆಯಲ್ಲಾಗಲಿ ಇಬ್ಬರು ಹೆತ್ತವರು ಎದುರಾದರೆ ಕುಶಲೋಪರಿಯ ಬೆನ್ನಿಗೇ ಬರುವ ಪ್ರಶ್ನೆಗಳನ್ನು ನೀವೂ ಕೇಳಿರುತ್ತೀರಿ. “ಮಗ ಏನು ಮಾಡ್ತಿದ್ದಾನೆ?” “ಕಂಪ್ಯೂಟರ್ ಕೆಲಸ.” “ಬೆಂಗಳೂರಲ್ಲೋ, ಇಲ್ಲೋ?” ಅನಂತರ ಸ್ವಲ್ಪ ತಗ್ಗಿದ ದನಿಯಲ್ಲಿ, “ಸಂಬಳ ಎಷ್ಟು?”

ಉತ್ತರವಾಗಿ ಬಂದ ಅಂಕೆ ಆ ಯುವಕನ ಅಥವಾ ಯುವತಿಯ ಹಣೆಗೆ ಅಂಟಿಸಿದ ಚೀಟಿಯಂತೆ ಉಳಿದುಬಿಡುತ್ತದೆ. ಮದುವೆಯ ಮಾತುಕತೆ, ಬ್ಯಾಂಕಿನ ಸಾಲ, ಬಂಧುಗಳ ಆದರ ಎಲ್ಲವೂ ಅದನ್ನೇ ಅನುಸರಿಸುತ್ತವೆ. ಆದರೆ ಆ ಅಂಕೆ ನಿಜವಾಗಿಯೂ ಏನನ್ನು ಅಳೆಯುತ್ತದೆ? ವ್ಯಕ್ತಿಯ ಯೋಗ್ಯತೆಯನ್ನೇ, ದುಡಿಮೆಯನ್ನೇ, ಅಥವಾ ಬೇರೆ ಯಾವುದನ್ನಾದರೂ?

ನಾನು ಬಲ್ಲ ಮನೆಯೊಂದರಲ್ಲಿ ಅಕ್ಕ, ತಮ್ಮ ಇಬ್ಬರೂ ಒಂದೇ ಬಗೆಯ ಕೆಲಸದಲ್ಲಿದ್ದಾರೆ. ಕೆಟ್ಟ ಗಣಕಯಂತ್ರವನ್ನು ಸರಿಪಡಿಸುವುದು, ಬಳಸಲು ತಿಳಿಯದವರಿಗೆ ದಾರಿ ತೋರಿಸುವುದು ಇಬ್ಬರ ಕಾಯಕ. ಅಕ್ಕ ಬೆಂಗಳೂರಿನ ಕಚೇರಿಯೊಂದರಲ್ಲಿ ಕುಳಿತು ದೂರದೇಶದ ಗ್ರಾಹಕರ ಕರೆಗೆ ಉತ್ತರಿಸುತ್ತಾಳೆ. ತಮ್ಮ ಆಲೂರಿನ ಅಂಗಡಿಯೊಂದರಲ್ಲಿದ್ದುಕೊಂಡು ಪಾಳ್ಯ, ಕೆಂಚಮ್ಮನ ಹೊಸಕೋಟೆ ಕಡೆಯ ಶಾಲೆ, ಸೊಸೈಟಿ, ತೋಟದ ಮನೆಗಳಿಗೆ ಬೈಕಿನಲ್ಲಿ ಹೋಗಿ ಬರುತ್ತಾನೆ. ಐಟಿಐಯಲ್ಲಿ ಒಂದು ವರ್ಷದ ‘ಕೋಪಾ’ ತರಬೇತಿ ಮುಗಿಸಿದವನು. ಅಕ್ಕನ ಸಂಬಳದ ಅರ್ಧಕ್ಕಿಂತ ಕಡಿಮೆ ಅವನದು. ಅಕ್ಕ ಬುದ್ಧಿವಂತೆ, ತಮ್ಮ ದಡ್ಡ ಎಂದು ನೆರೆಹೊರೆಯವರು ತೀರ್ಮಾನಿಸಿಯೂ ಆಗಿದೆ. ಮನೆಯಲ್ಲಿ ಕಂಪ್ಯೂಟರ್ ಕೆಟ್ಟಾಗ ಮಾತ್ರ ಅಕ್ಕ ಫೋನ್ ಮಾಡಿ ಕೇಳುವುದು ತಮ್ಮನನ್ನೇ!

ಹಾಗಾದರೆ ಈ ಅಂತರ ಎಲ್ಲಿಂದ ಬಂತು? ಮೊದಲ ಕಾರಣ, ಹಣ ಕೊಡುವವನು ಎಲ್ಲಿದ್ದಾನೆ ಎಂಬುದು. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2024ರ ಲೆಕ್ಕದಂತೆ ಅಲ್ಲಿ ಕಂಪ್ಯೂಟರ್ ಬಳಕೆದಾರರಿಗೆ ನೆರವಾಗುವ ಕೆಲಸಗಾರರ ಮಧ್ಯಮ ವೇತನ ವರ್ಷಕ್ಕೆ ಸುಮಾರು 60 ಸಾವಿರ ಡಾಲರ್. ಅಂದರೆ ಅರ್ಧದಷ್ಟು ಮಂದಿ ಅದಕ್ಕಿಂತ ಹೆಚ್ಚು, ಉಳಿದರ್ಧ ಮಂದಿ ಕಡಿಮೆ ಪಡೆಯುತ್ತಾರೆ. ಅದೇ ಕೆಲಸ ಬೆಂಗಳೂರಿಗೆ ಬಂದಾಗ ಕಂಪನಿಗೆ ದೊಡ್ಡ ಉಳಿತಾಯ. ಆ ಉಳಿತಾಯದ ಒಂದು ಸಣ್ಣ ಭಾಗ ಇಲ್ಲಿಯ ಕೆಲಸಗಾರರಿಗೆ ದೊರೆತರೂ ನಮ್ಮ ಕಣ್ಣಿಗೆ ಅದು ದೊಡ್ಡದಾಗಿ ಕಾಣುತ್ತದೆ. ಆಲೂರಿನ ತಮ್ಮನಿಗಾದರೋ ಹಣ ಬರಬೇಕಾದದ್ದು ಪಕ್ಕದ ಶಾಲೆಯಿಂದ, ಸಣ್ಣ ಬೆಳೆಗಾರರಿಂದ.

ಎರಡನೆಯ ಕಾರಣ ನಮ್ಮ ಗಮನಕ್ಕೆ ಬರುವುದು ಕಡಿಮೆ. ಬೆಂಗಳೂರಿನಲ್ಲಿ ಒಂದು ಕಂಪನಿ ಸಂಬಳ ಏರಿಸದಿದ್ದರೆ ಅದೇ ರಸ್ತೆಯಲ್ಲಿ ಇನ್ನೊಂದು ಕಂಪನಿಯ ಬಾಗಿಲು ತಟ್ಟಬಹುದು. ಈ ಅಂಜಿಕೆಯಿಂದಲೇ ಅಲ್ಲಿ ಅನುಭವಸ್ಥರ ಸಂಬಳ ಏರುತ್ತದೆ. ಆಲೂರಿನಲ್ಲಿ ಅಂತಹ ಅಂಗಡಿಗಳು ಬೆರಳೆಣಿಕೆಯಷ್ಟು. ಬಿಟ್ಟುಹೋಗಲು ಮತ್ತೊಂದು ಬಾಗಿಲಿಲ್ಲದವನು ಕೊಟ್ಟಷ್ಟನ್ನು ಪಡೆಯುತ್ತಾನೆ.

ಸ್ಥಳಕ್ಕೂ ವ್ಯಕ್ತಿಯ ಯೋಗ್ಯತೆಗೂ ಸಂಬಂಧವಿಲ್ಲ ಎಂಬುದನ್ನು 2020 ನಮ್ಮೆಲ್ಲರ ಕಣ್ಣೆದುರೇ ತೋರಿಸಿತು. ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಬೆಂಗಳೂರಿನಿಂದ ಮಕ್ಕಳು ಮಲೆನಾಡಿನ ಮನೆಗಳಿಗೆ ಮರಳಿದರು. ಹೆತ್ತೂರು, ಹಾನುಬಾಳು ಕಡೆಯ ಗುಡ್ಡಗಳ ನೆತ್ತಿಯಲ್ಲಿ ನೆಟ್‌ವರ್ಕ್ ಹುಡುಕುತ್ತ, ಮಳೆಯಲ್ಲಿ ಕೊಡೆ ಹಿಡಿದು ಲ್ಯಾಪ್‌ಟಾಪ್ ತೆರೆದವರನ್ನು ನೀವೂ ಕಂಡಿರಬಹುದು. ಕುಳಿತ ಜಾಗ ಹಳ್ಳಿ, ಬರುತ್ತಿದ್ದದ್ದು ನಗರದ ಸಂಬಳ. ಪಕ್ಕದ ಮನೆಯಲ್ಲಿ ಅದೇ ವಿದ್ಯೆ ಬಲ್ಲವನಿಗೆ ಹಳ್ಳಿಯ ಸಂಬಳ. ಸಂಬಳ ನಿರ್ಧಾರವಾಗಿದ್ದದ್ದು ಒಪ್ಪಂದ ಎಲ್ಲಿ ಬರೆಯಲ್ಪಟ್ಟಿತ್ತು ಎಂಬುದರಿಂದ.

ಸರ್ಕಾರವೂ ಸ್ಥಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಆದರೆ ಬೇರೆ ರೀತಿಯಲ್ಲಿ. ಕೇಂದ್ರ ಸರ್ಕಾರಿ ನೌಕರರಿಗೆ ಒಂದೇ ಹುದ್ದೆಗೆ ಮೂಲವೇತನ ಎಲ್ಲೆಡೆಯೂ ಒಂದೇ. ಮನೆ ಬಾಡಿಗೆ ಭತ್ಯೆ ಮಾತ್ರ ಬೇರೆ. 2024ರ ಜನವರಿಯಿಂದ ಜಾರಿಗೆ ಬಂದ ದರದಂತೆ ಬೆಂಗಳೂರಿನಂತಹ ಮಹಾನಗರದಲ್ಲಿ ಮೂಲವೇತನದ ಶೇ. 30, ಮೈಸೂರು, ಮಂಗಳೂರಿನಂತಹ ನಗರಗಳಲ್ಲಿ ಶೇ. 20, ಹಾಸನದಂತಹ ಊರುಗಳಲ್ಲಿ ಶೇ. 10. ಮೂಲವೇತನ 30 ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಆಗ ಬೆಂಗಳೂರಿಗೂ ಹಾಸನಕ್ಕೂ ಇರುವ ಬಾಡಿಗೆ ಭತ್ಯೆಯ ಅಂತರ 6 ಸಾವಿರ ರೂಪಾಯಿ. ದುಡಿಮೆಯ ಬೆಲೆ ಒಂದೇ, ಬದುಕಿನ ಖರ್ಚು ಬೇರೆ ಎಂಬ ವಿವೇಕ ಇದರಲ್ಲಿದೆ. ಕನಿಷ್ಠ ವೇತನದ ವಿಷಯದಲ್ಲಿಯೂ ಕರ್ನಾಟಕದ ಅಧಿಸೂಚನೆಗಳು ಬಹುಕಾಲದಿಂದ ರಾಜ್ಯವನ್ನು ವಲಯಗಳಾಗಿ, ಕೆಲಸಗಾರರನ್ನು ಕುಶಲ, ಅರೆಕುಶಲ, ಅಕುಶಲ ಎಂಬ ವರ್ಗಗಳಾಗಿ ವಿಂಗಡಿಸುತ್ತ ಬಂದಿವೆ. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯೂ ಕೌಶಲ ಹಾಗೂ ಪ್ರದೇಶಗಳನ್ನೇ ಆಧಾರವಾಗಿ ಹೆಸರಿಸುತ್ತದೆ. ಆಲೂರಿನ ಅಂಗಡಿಯ ಹುಡುಗನಿಗೂ ಅದಕ್ಕಿಂತ ಕೆಳಗಿಳಿಯಬಾರದ ಒಂದು ಮಟ್ಟವಿದೆ ಎಂಬುದನ್ನು ಅವನೂ ಅವನ ಮಾಲೀಕನೂ ತಿಳಿದಿರುವುದು ಒಳ್ಳೆಯದು.

ಇನ್ನು ಅನುಭವದ ಮಾತು. ನಮ್ಮ ತೋಟಗಳಲ್ಲಿ ಮರಗಸಿ ಮಾಡುವವರಿಗೆ ಸಾಮಾನ್ಯ ಕೂಲಿಗಿಂತ ಹೆಚ್ಚು ಕೊಡುವುದು ರೂಢಿ. ಯಾವ ಕೊಂಬೆ ಕಡಿದರೆ ಕಾಫಿ ಗಿಡಕ್ಕೆ ಎಷ್ಟು ಬೆಳಕು ಬಿದ್ದೀತು, ಕಡಿದ ಕೊಂಬೆ ಗಿಡದ ಮೇಲೆ ಬೀಳದಂತೆ ಇಳಿಸುವುದು ಹೇಗೆ ಎಂಬುದನ್ನು ಅವರು ಬಲ್ಲರು. ಮೂವತ್ತು ವರ್ಷ ಮರದ ಕೆಳಗೆ ನಿಂತು ನೋಡಿದವರಿಗೆ ಆ ಕೂಲಿ ಇಲ್ಲ. ಕಂಪ್ಯೂಟರ್ ಕೆಲಸದಲ್ಲಿಯೂ ಹೀಗೆಯೇ ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲಿನಲ್ಲಿ ಮರೆತುಹೋದ ಪಾಸ್‌ವರ್ಡ್, ಕೆಲಸ ಮಾಡದ ಪ್ರಿಂಟರ್. ಎರಡನೆಯದರಲ್ಲಿ ಮೊದಲಿನವರಿಗೆ ಬಗೆಹರಿಯದ ತೊಡಕು. ಮೂರನೆಯದರಲ್ಲಿ ಸರ್ವರ್, ನೆಟ್‌ವರ್ಕ್‌ಗಳಂತಹ ಬೇರುಮಟ್ಟದ ಸಮಸ್ಯೆ. ಮೆಟ್ಟಿಲು ಹತ್ತಿದಂತೆ ಸಂಬಳ ಹೆಚ್ಚು. ಮೊದಲನೆಯದರಲ್ಲಿಯೇ ಹತ್ತು ವರ್ಷ ನಿಂತವರದು ಒಂದೇ ವರ್ಷದ ಅನುಭವವನ್ನು ಹತ್ತು ಸಲ ಪಡೆದಂತೆ. ಈಗ ಪಾಸ್‌ವರ್ಡ್ ಬದಲಿಸುವಂತಹ ಕೆಲಸಗಳನ್ನು ಯಂತ್ರವೇ ಮಾಡತೊಡಗಿರುವುದರಿಂದ ಅಲ್ಲಿಯೇ ನಿಲ್ಲುವುದು ಅಪಾಯಕರವೂ ಹೌದು.

ಹೊಸಬರ ಸಂಬಳದ ಬಗೆಗೂ ಹೆತ್ತವರು ತಿಳಿದಿರಬೇಕಾದ ಸಂಗತಿಯೊಂದಿದೆ. ದೊಡ್ಡ ಐಟಿ ಸೇವಾ ಕಂಪನಿಗಳು ಈಗಷ್ಟೇ ಪದವಿ ಮುಗಿಸಿದ ಎಂಜಿನಿಯರುಗಳಿಗೆ ಕೊಡುವ ಆರಂಭದ ವೇತನ ಹತ್ತಕ್ಕೂ ಹೆಚ್ಚು ವರ್ಷಗಳಿಂದ ವರ್ಷಕ್ಕೆ 3ರಿಂದ 4 ಲಕ್ಷ ರೂಪಾಯಿಯ ಆಸುಪಾಸಿನಲ್ಲಿಯೇ ನಿಂತಿದೆ. ಈ ಅವಧಿಯಲ್ಲಿ ಬೆಂಗಳೂರಿನ ಬಾಡಿಗೆ, ಊಟ, ಬಸ್ಸಿನ ದರ ಯಾವುದೂ ನಿಂತಿಲ್ಲ. “ನಾಲ್ಕು ವರ್ಷವಾಯಿತು, ಮನೆಗೆ ಇಷ್ಟೇನಾ ಕಳಿಸುವುದು?” ಎಂದು ಕೇಳುವ ಮೊದಲು ಕಾಗದ, ಪೆನ್ಸಿಲ್ ಹಿಡಿದು ಬಾಡಿಗೆ, ಮುಂಗಡ, ಊಟ, ಓಡಾಟಗಳನ್ನು ಕಳೆದು ನೋಡಿ. ದೂರದ ಬೆಟ್ಟ ನುಣ್ಣಗೆ ಎಂದು ಬೆಟ್ಟದ ನಡುವೆಯೇ ಬದುಕುವ ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮತ್ತೆ ಆ ತಮ್ಮನ ಕಡೆಗೆ ಬರೋಣ. ಅವನ ಅನುಭವವೇನು ಕಡಿಮೆಯೇ? ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಇಲ್ಲದ ಊರಿನಲ್ಲಿ ಯುಪಿಎಸ್ ಬ್ಯಾಟರಿಯನ್ನು ಉಳಿಸುವುದು, ಸಿಡಿಲಿನ ಮುನ್ಸೂಚನೆ ಕಂಡಾಗ ಯಾವ ತಂತಿ ಕಳಚಬೇಕೆಂದು ಹೇಳುವುದು, ತೇವದಿಂದ ಕೆಟ್ಟ ಭಾಗವನ್ನು ಒಣಗಿಸಿ ಬದುಕಿಸುವುದು ಅವನಿಗೆ ಗೊತ್ತು. ಸಂಜೆಯಾದರೆ ಕಾಡಾನೆ ಅಡ್ಡಬರುವ ದಾರಿಯಲ್ಲಿ ಹಿಂದಿರುಗುವ ಅಪಾಯವೂ ಅವನದೇ. 2001ರ ಹೊತ್ತಿಗೆ ‘ಭೂಮಿ’ ಯೋಜನೆಯಿಂದ ಪಹಣಿ ಗಣಕಯಂತ್ರದೊಳಕ್ಕೆ ಹೋಯಿತು. 2022ರಲ್ಲಿ ‘ಗ್ರಾಮ ಒನ್’ ಕೇಂದ್ರಗಳು ಹಳ್ಳಿಗಳಿಗೆ ಬಂದವು. ಇಂದು ಪಿಂಚಣಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ ಎಲ್ಲದಕ್ಕೂ ಯಂತ್ರ ಬೇಕು. ಗ್ರಾಮ ಒನ್ ನಡೆಸುವವರಿಗೆ ತಿಂಗಳ ಸಂಬಳವಿಲ್ಲ, ಪ್ರತಿ ಅರ್ಜಿಗೆ ಬರುವ ಪಾಲೇ ಆದಾಯ. ಯಂತ್ರ ನಿಂತ ದಿನ ಅವರ ಸಂಪಾದನೆಯೂ ನಿಲ್ಲುತ್ತದೆ, ಅಜ್ಜಿಯ ಪಿಂಚಣಿ ಅರ್ಜಿಯೂ ನಿಲ್ಲುತ್ತದೆ. ಅದನ್ನು ಮತ್ತೆ ನಡೆಸುವವನು ಬೈಕಿನ ಮೇಲೆ ಬರುವ ಈ ಹುಡುಗ. ಆದರೆ ಅವನ ಅನುಭವ ಯಾವ ಕಾಗದದ ಮೇಲೂ ಇಲ್ಲ; ಆದುದರಿಂದ ನಾಳೆ ಹಾಸನಕ್ಕೋ ಮಂಗಳೂರಿಗೋ ಹೋದರೆ ಅವನು ಮತ್ತೆ ಹೊಸಬ. ಮಾಲೀಕರು ಅನುಭವ ಪತ್ರ ಬರೆದುಕೊಡಬಹುದು. ಅವನು ತಾನು ಬಗೆಹರಿಸಿದ ಕೆಲಸಗಳ ದಾಖಲೆ ಇಡಬಹುದು. ಮನೆಯವರು ನೆಟ್‌ವರ್ಕಿಂಗ್‌ನ ಒಂದು ಪರೀಕ್ಷೆಗೆ ಶುಲ್ಕ ಕಟ್ಟಬಹುದು.

ಓದುಗರೇ, ನಮ್ಮ ಅರಾಬಿಕಾದ ಬೆಲೆ ನ್ಯೂಯಾರ್ಕಿನ ಪೇಟೆಯನ್ನು, ರೋಬಸ್ಟಾದ ಬೆಲೆ ಲಂಡನ್ನಿನ ಪೇಟೆಯನ್ನು ನೋಡಿಕೊಂಡು ಏರಿಳಿಯುತ್ತದೆ. ನಾವು ಮಾಡಬಹುದಾದದ್ದು ಆಕಾಶ ನೋಡುವುದು, ಬೆಲೆ ಕೇಳುವುದು ಅಷ್ಟೆ. ಅಕ್ಕನ ಸಂಬಳವೂ ಹಾಗೆಯೇ, ನಾವು ಕಾಣದ ಕೋಣೆಗಳಲ್ಲಿ ನಿರ್ಧಾರವಾಗುತ್ತದೆ. ತಮ್ಮನ ಸಂಬಳ ಮಾತ್ರ ಹಾಗಲ್ಲ. ಅದನ್ನು ನಿರ್ಧರಿಸುವವರು ನಾವೇ: ಶಾಲೆಯ ಆಡಳಿತ ಮಂಡಳಿ, ಸಹಕಾರ ಸಂಘ, ತೋಟದ ಕಚೇರಿ, ನಮ್ಮ ನಿಮ್ಮ ಮನೆ. ಹತ್ತು ಮೈಲಿ ಮಳೆಯಲ್ಲಿ ಬಂದವನಿಗೆ “ಹತ್ತೇ ನಿಮಿಷದ ಕೆಲಸ, ಇದಕ್ಕೆ ಇಷ್ಟೊಂದೇ?” ಎಂದು ಹೇಳುವ ಮಾತಿನಲ್ಲಿ ಅವನ ತಿಂಗಳ ಸಂಬಳ ಅಡಗಿದೆ. ಹತ್ತೇ ನಿಮಿಷದಲ್ಲಿ ಮುಗಿಸಲು ಅವನಿಗೆ ಎಷ್ಟು ವರ್ಷ ಬೇಕಾಯಿತೆಂದು ನಾವು ಕೇಳುವುದಿಲ್ಲ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಹೊರಡಿಸಿದ ‘ರೇರುಮ್ ನೊವಾರುಮ್’ ಪರಿಪತ್ರ, ಕೆಲಸಗಾರನು ಒಪ್ಪಿಕೊಂಡನು ಎಂಬ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಅದರಿಂದ ಅವನ ಜೀವನ ಸಾಗಬೇಕು ಎಂದು ಸಾರಿತು. ಅಂದು ಕಾರ್ಖಾನೆಗೆ ಹೇಳಿದ ಮಾತು ಇಂದು ಆಲೂರಿನ ಅಂಗಡಿಗೂ ಸಲ್ಲುತ್ತದೆ.

ಮಕ್ಕಳೆಲ್ಲ ಊರಿನಲ್ಲಿಯೇ ಉಳಿಯಲಿ ಎಂದು ನಾನು ಹೇಳುತ್ತಿಲ್ಲ. ಕಲಿಯಲು, ಮೆಟ್ಟಿಲೇರಲು ಬೆಂಗಳೂರಿಗೆ ಹೋಗುವುದು ಒಳ್ಳೆಯದೇ. ಉಳಿದವನನ್ನು ಸೋತವನೆಂದು ಎಣಿಸುವುದು ಬೇಡ, ಅಷ್ಟೆ. ಅವನೂ ಹೊರಟುಹೋದರೆ ಮುಂದಿನ ಆಷಾಢದಲ್ಲಿ ಸಿಡಿಲು ಬಡಿದ ಯಂತ್ರಕ್ಕಾಗಿ ನಾವು ಹಾಸನದವರೆಗೆ ಹೋಗಬೇಕಾದೀತು.

ಮುಂದಿನ ಸಲ ಯಾರದಾದರೂ ಮಗನನ್ನೋ ಮಗಳನ್ನೋ ಕಂಡಾಗ, ಸಂಬಳ ಎಷ್ಟು ಎಂಬುದರ ಬದಲು ಈ ವರ್ಷ ಹೊಸದಾಗಿ ಏನು ಕಲಿತೆ ಎಂದು ಕೇಳಿ ನೋಡಿ. ಆ ಹುಡುಗ ನಿಮ್ಮ ಮನೆಯ ಯಂತ್ರವನ್ನು ಸರಿಪಡಿಸಿ ಎದ್ದಾಗ, ಒಂದು ಲೋಟ ಕಾಫಿಯ ಜೊತೆಗೆ, ಚೌಕಾಸಿ ಮಾಡದೆ ಅವನ ಕೂಲಿಯನ್ನೂ ಕೈಗಿಡಿ.