ಬಣ್ಣ ಬಳಿಯದ ಕಾರು

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಜರಗನಹಳ್ಳಿಯಲ್ಲಿ ಕನಕಪುರ ರಸ್ತೆಯ ಬದಿಗೆ ನಿಂತರೆ ಈ ಸೀಮೆಯ ವಾಹನ ಕಾರ್ಖಾನೆಗಳೆಲ್ಲ ನಿಮ್ಮ ಮುಂದೆ ಸಾಲುಗಟ್ಟಿ ಹೋಗುತ್ತವೆ. ಹೊಸೂರಿನ ಸ್ಕೂಟರು, ಬಿಡದಿಯ ಇನ್ನೋವಾ, ತಲೆಯ ಮೇಲೆ ಬಿಇಎಂಎಲ್ ಕಟ್ಟಿದ ಮೆಟ್ರೊ. ಸಾರಕ್ಕಿ ಸಿಗ್ನಲ್ಲಿನಿಂದ ಯಲಚೇನಹಳ್ಳಿಯವರೆಗೆ ಒಂದಕ್ಕೊಂದು ತಾಕಿಕೊಂಡು ಸಾಗುವ ಈ ಸಾಲಿನ ಹೊಗೆ ಕುಡಿದವರೆಲ್ಲ ಒಂದಲ್ಲ ಒಂದು ದಿನ ಯಾರನ್ನೋ ಬೈದೇ ಇರುತ್ತಾರೆ. ರಸ್ತೆ ಅಗೆದವರನ್ನು, ಸಿಗ್ನಲ್ ದಾಟಿದವರನ್ನು, ಮನೆಗೆರಡು ಕಾರು ಇಟ್ಟುಕೊಂಡವರನ್ನು. ಗಾಡಿ ತಯಾರಿಸಿದವರ ಹತ್ತಿರ ಮಾತ್ರ ನಮ್ಮ ಮಾತು ಹೋಗುವುದೇ ಇಲ್ಲ. ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿ ಕೆಲವು ವರ್ಷವಾಯಿತು. ಇಷ್ಟನ್ನೂ ಮಾಡಿ ಮಾರಿದವರು ಗೇಟಿನಾಚೆ ನಿಶ್ಚಿಂತೆಯಿಂದ ಇರಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕೇಳಿದರೆ ಕಂಪನಿಗಳು ಮೊದಲು ತೋರಿಸುವುದು ಗಿಡಗಳನ್ನು. ಅದನ್ನು ಹಗುರ ಮಾಡುವವನಲ್ಲ ನಾನು. 1999ರ ಕೊನೆಯಲ್ಲಿ ಕ್ವಾಲಿಸ್ ತಯಾರಿಕೆ ಶುರುಮಾಡಿದ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ತನ್ನ ಆವರಣದಲ್ಲಿ ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿಯ ಪದ್ಧತಿಯಲ್ಲಿ ಸ್ಥಳೀಯ ಮರಗಳನ್ನೇ ಒತ್ತೊತ್ತಾಗಿ ನೆಟ್ಟು ಕಾಡು ಬೆಳೆಸಿದೆ, ಮಳೆನೀರು ಹಿಡಿದಿಡುತ್ತದೆ. ಅಲ್ಲೇ ಹತ್ತಿರದ ಬೈರಮಂಗಲ ಕೆರೆಗೆ ವೃಷಭಾವತಿ ಹೊತ್ತು ತರುವ ಕೊಳೆನೀರನ್ನು ನೋಡಿದವರಿಗೆ, ಆ ಸೀಮೆಯಲ್ಲಿ ಒಂದು ಶುದ್ಧ ನೀರಿನ ಹೊಂಡ ಎಂದರೆ ಏನೆಂದು ವಿವರಿಸಬೇಕಿಲ್ಲ. ಆದರೆ ಕಾರ್ಖಾನೆಯ ನಿಜವಾದ ಪರೀಕ್ಷೆ ತೋಟದಲ್ಲಿ ನಡೆಯುವುದಲ್ಲ, ಪೇಂಟ್ ಶಾಪಿನಲ್ಲಿ.

ಕಾರು ಕಾರ್ಖಾನೆಯ ಒಳಗೆ ಅತಿ ಹೆಚ್ಚು ಶಕ್ತಿ ನುಂಗುವುದು ಬಣ್ಣ ಹೊಡೆಯುವ ವಿಭಾಗ ಎಂದರೆ ಹೊರಗಿನವರಿಗೆ ನಂಬಿಕೆ ಬರುವುದಿಲ್ಲ. ಕಬ್ಬಿಣ ಬಗ್ಗಿಸುವ ದೈತ್ಯ ಪ್ರೆಸ್ಸುಗಳು, ಕಿಡಿ ಹಾರಿಸುವ ವೆಲ್ಡಿಂಗ್ ಕೈಗಳೇ ಕರೆಂಟು ತಿನ್ನುತ್ತವೆ ಎಂದುಕೊಳ್ಳುತ್ತೇವೆ. ಪೇಂಟ್ ಶಾಪಿನಲ್ಲಿ ನಡೆಯುವುದು ಇದು: ಬರಿಮೈಯ ಕಾರನ್ನು ಜಿಡ್ಡು ಹೋಗುವ ಹಾಗೆ ತೊಳೆದು, ಫಾಸ್ಫೇಟ್ ದ್ರಾವಣದಲ್ಲಿ ಅದ್ದಿ, ಮತ್ತೆ ಮತ್ತೆ ಜಾಲಾಡಿ, ತುಕ್ಕು ತಡೆಯುವ ಮೊದಲ ಲೇಪನದ ತೊಟ್ಟಿಯಲ್ಲಿ ಮುಳುಗಿಸಿ, ಓವನ್ನಿನಲ್ಲಿ ಬೇಯಿಸುತ್ತಾರೆ. ಆಮೇಲೆ ಪ್ರೈಮರ್, ಮತ್ತೆ ಓವನ್. ಬಣ್ಣ, ಅದರ ಮೇಲೆ ಹೊಳಪಿನ ಪದರ, ಮತ್ತೆ ಓವನ್. ಬಣ್ಣ ಸಿಂಪಡಿಸುವ ಕೋಣೆಯ ಗಾಳಿ ಹಗಲೂ ರಾತ್ರಿ ಒಂದೇ ಬಿಸಿ, ಒಂದೇ ತೇವದಲ್ಲಿ ಇರಬೇಕು. ಹೊರಗೆ ಮಳೆ ಇರಲಿ, ಏಪ್ರಿಲ್ ಬಿಸಿಲಿರಲಿ, ಆ ಗಾಳಿಯನ್ನು ಹದಮಾಡಿ ಒಳಗೆ ತಳ್ಳಿ, ಕೆಟ್ಟದ್ದನ್ನು ಹೊರಗೆ ಹಾಕುತ್ತಲೇ ಇರಬೇಕು. ಮೈಗಂಟದೆ ಹಾರಿಹೋದ ಬಣ್ಣ ಕೆಸರಾಗುತ್ತದೆ. ಥಿನ್ನರಿನ ಆವಿ ಗಾಳಿಗೆ ಸೇರುತ್ತದೆ. ಜಾಲಾಡಿದ ನೀರು ರಾಸಾಯನಿಕ ಹೊತ್ತು ಬರುತ್ತದೆ.

ಆದ್ದರಿಂದ ತಯಾರಕನೊಬ್ಬ ಮನಸ್ಸು ಮಾಡಿದರೆ ಕೈಹಾಕಬೇಕಾದ ಜಾಗ ಇದು. ಥಿನ್ನರಿನ ಬದಲು ನೀರಿನಲ್ಲಿ ಕಲಸುವ ಬಣ್ಣ ತರಬಹುದು. ಒಂದು ಪದರ ಹಸಿಯಿರುವಾಗಲೇ ಇನ್ನೊಂದನ್ನು ಹೊಡೆದು ಎಲ್ಲವನ್ನೂ ಒಟ್ಟಿಗೆ ಬೇಯಿಸಿದರೆ ನಡುವಿನ ಓವನ್ ಒಂದನ್ನು ಕಿತ್ತೇ ಹಾಕಬಹುದು. ಕೋಣೆಯ ಗಾಳಿಯನ್ನು ಸೋಸಿ ತಿರುಗಿ ಬಳಸಬಹುದು. ಕೊನೆಯ ಜಾಲಾಟದ ಶುದ್ಧನೀರನ್ನು ಮೊದಲ ಜಾಲಾಟಕ್ಕೆ ಹಾಯಿಸಬಹುದು. ನಮ್ಮ ಮನೆಗಳಲ್ಲಿ ಅಕ್ಕಿ ತೊಳೆದ ನೀರು ಗಿಡಕ್ಕೆ ಹೋಗುವ ಹಾಗೆ. ಇವು ಯಾವುವೂ ಕನಸಿನ ಮಾತಲ್ಲ, ಜಗತ್ತಿನ ಒಳ್ಳೆಯ ಕಾರ್ಖಾನೆಗಳಲ್ಲಿ ಆಗಲೇ ನಡೆಯುತ್ತಿರುವ ಕೆಲಸ. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಎತ್ತಿ, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಎತ್ತಿ ತರುವುದನ್ನು ಬಲ್ಲ ಕನಕಪುರ ರಸ್ತೆಯವರಿಗೆ ಒಂದೊಂದು ಕೊಡದ ಬೆಲೆ ಗೊತ್ತು.

ಪೇಂಟ್ ಶಾಪಿನ ಮಾತು ಬಂದಾಗಲೇ ನನಗೆ ರೇವಾ ನೆನಪಾಗುವುದು. ಹಳೆಯ ಬೆಂಗಳೂರಿಗರಿಗೆ ಆ ಪುಟ್ಟ ಕಾರು ನೆನಪಿದ್ದೇ ಇರುತ್ತದೆ. ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು ಕೂರುವಷ್ಟು ಜಾಗ. ಚೇತನ್ ಮೈನಿ ಮತ್ತು ಅವರ ತಂಡ ಬೊಮ್ಮಸಂದ್ರದಲ್ಲಿ ತಯಾರಿಸಿ 2001ರಲ್ಲಿ ರಸ್ತೆಗೆ ಬಿಟ್ಟ ಎಲೆಕ್ಟ್ರಿಕ್ ಕಾರು. ಎಂಟು ಸೀಸದ ಬ್ಯಾಟರಿ, ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರು. ಲಂಡನ್ನಿನಲ್ಲಿ ಇದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ, ಊರೊಳಗಿನ ದಟ್ಟಣೆ ಸುಂಕ ಕೊಡದೆ ಓಡಾಡಿತು. ಎಲ್ಲರೂ ಅದರ ಬ್ಯಾಟರಿಯ ಬಗ್ಗೆ ಮಾತಾಡಿದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಮೈ. ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಎಬಿಎಸ್ ಪ್ಲಾಸ್ಟಿಕ್ಕಿನ ಹೊದಿಕೆ. ಬಣ್ಣ ಆ ಪ್ಲಾಸ್ಟಿಕ್ಕಿನೊಳಗೇ ಬೆರೆತಿತ್ತು. ಹಾಗಾಗಿ ಕಾರ್ಖಾನೆಗೆ ಪೇಂಟ್ ಶಾಪೇ ಬೇಕಿರಲಿಲ್ಲ! ಓವನ್ನಿಲ್ಲ, ಥಿನ್ನರಿನ ಆವಿ ಇಲ್ಲ, ಬಣ್ಣದ ಕೆಸರಿಲ್ಲ. ಸಣ್ಣಪುಟ್ಟ ತಾಗಿದರೆ ಮೈ ನೆಗ್ಗುತ್ತಲೂ ಇರಲಿಲ್ಲ, ಅಂದರೆ ಟಿಂಕರಿಂಗೂ ಇಲ್ಲ. ಪ್ಲಾಸ್ಟಿಕ್ಕು ಪೆಟ್ರೋಲಿಯಂನಿಂದಲೇ ಬರುವುದು, ಅದನ್ನು ಮರೆಯಬಾರದು. ಆದರೂ ಕರಗಿಸಿ ಮತ್ತೆ ಅಚ್ಚಿಗೆ ಹಾಕಬಹುದಾದ ಜಾತಿಯದು. 2010ರಲ್ಲಿ ಮಹೀಂದ್ರ ಈ ಕಂಪನಿಯ ಹೆಚ್ಚಿನ ಪಾಲು ಕೊಂಡಿತು. 2012ರಲ್ಲಿ ಬೊಮ್ಮಸಂದ್ರದಲ್ಲೇ ಹೊಸ ಕಾರ್ಖಾನೆ ಎದ್ದಿತು, ಮರುವರ್ಷ ಇ2ಒ ಕಾರು ಬಂತು. ಈಗ ರೇವಾ, ಇ2ಒ ಎರಡೂ ತಯಾರಾಗುತ್ತಿಲ್ಲ. ಅವು ವ್ಯಾಪಾರದಲ್ಲಿ ಗೆಲ್ಲಲಿಲ್ಲ ಎಂಬುದನ್ನು ಎಲ್ಲರೂ ಬರೆದರು. ಹೊಳೆಯುವ ಮೈ ಬೇಡವೆಂದ ಒಂದು ನಿರ್ಧಾರದಿಂದ ಕಾರ್ಖಾನೆಯ ಅತಿ ಕೊಳೆಯ ಕೋಣೆಯನ್ನೇ ಅಳಿಸಿಹಾಕಬಹುದು ಎಂದು ನಮ್ಮೂರಿನ ಎಂಜಿನಿಯರುಗಳು ತೋರಿಸಿದ್ದನ್ನು ಯಾರಾದರೂ ಎತ್ತಿ ಹೇಳಬೇಕು.

ಮೆಟ್ರೊ ಬೋಗಿಯನ್ನೇ ನೋಡಿ. 2017ರ ಜೂನಿನಲ್ಲಿ ಹಸಿರು ಮಾರ್ಗ ಯಲಚೇನಹಳ್ಳಿಗೆ ಬಂದಾಗ ನಮ್ಮ ತಲೆಯ ಮೇಲೆ ಓಡತೊಡಗಿದ್ದು ಸ್ಟೇನ್‌ಲೆಸ್ ಸ್ಟೀಲಿನ ಬೋಗಿಗಳು. ಲೋಹದ ಬಣ್ಣವೇ ಬಣ್ಣ, ಗುರುತಿಗೊಂದು ಪಟ್ಟಿ. ಯಾರೂ ಮೆಟ್ರೊಗೆ ಬಣ್ಣವಿಲ್ಲವೆಂದು ಹತ್ತದೆ ಬಿಟ್ಟಿಲ್ಲ.

ಬಣ್ಣದಿಂದ ಭಾರಕ್ಕೆ ಬರೋಣ. ಭಾರ ಅಂದಾಗ ನನ್ನ ಮನಸ್ಸು ಸೀದಾ ಸಂಡೂರಿನ ಗಣಿಗಳಿಗೆ ಹೋಗುತ್ತದೆ. ಕಾರಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಉಕ್ಕು. ಅದಿರಿನಿಂದ ಒಂದು ಟನ್ ಉಕ್ಕು ತೆಗೆಯಲು ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಆ ಅದಿರಿಗಾಗಿ ಬಳ್ಳಾರಿಯ ಗುಡ್ಡಗಳಿಗೆ ಏನಾಯಿತು, 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನೇ ನಿಲ್ಲಿಸಬೇಕಾದ ಸ್ಥಿತಿ ಯಾಕೆ ಬಂತು ಎಂಬುದನ್ನು ಕನ್ನಡಿಗರಿಗೆ ನಾನು ಹೇಳಬೇಕಾಗಿಲ್ಲ. ಒಬ್ಬರೇ ಕೂತು ಆಫೀಸಿಗೆ ಹೋಗಲು ಒಂದೂವರೆ ಎರಡು ಟನ್ನಿನ ಗಾಡಿಯನ್ನು ಮಾರುತ್ತಿರುವ ಕಂಪನಿ ಗೇಟಿನೊಳಗೆ ಎಷ್ಟು ಗಿಡ ನೆಟ್ಟರೂ ಲೆಕ್ಕ ಸರಿಹೋಗುವುದಿಲ್ಲ. ಇನ್ನೊಂದು ಲೆಕ್ಕ ನೀವೇ ಹಾಕಿ ನೋಡಿ: ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಲೀಟರಿಗೆ 15 ಕಿಲೋಮೀಟರು ಓಡುವ ಕಾರು ಒಂದೂವರೆ ಲಕ್ಷ ಕಿಲೋಮೀಟರಿಗೆ 10,000 ಲೀಟರು ಕುಡಿಯುತ್ತದೆ. ಅಂದರೆ 23 ಟನ್. ಅದೇ ಕಾರು ಹಗುರಾಗಿ 20 ಕಿಲೋಮೀಟರು ಕೊಟ್ಟರೆ 2,500 ಲೀಟರು ಉಳಿದು, ಐದೂವರೆ ಟನ್ನಿಗೂ ಮೀರಿ ಹೊಗೆ ತಪ್ಪುತ್ತದೆ. ಪೆಟ್ರೋಲ್ ಕಾರಿನ ಪಾಪದ ದೊಡ್ಡ ಪಾಲು ಕಾರ್ಖಾನೆಯ ಹೊರಗೆ, ನಮ್ಮ ರಸ್ತೆಯಲ್ಲಿ ನಡೆಯುವುದು. ಆದರೆ ಅದು ನಿರ್ಧಾರವಾಗುವುದು ನಕ್ಷೆ ಬರೆಯುವ ಮೇಜಿನ ಮೇಲೆ.

ಎಲೆಕ್ಟ್ರಿಕ್ ಆದರೆ ಎಲ್ಲ ಸರಿಹೋಯಿತೇ? ಎಲೆಕ್ಟ್ರಿಕ್ ವಾಹನ ನೀತಿಯನ್ನು ದೇಶದಲ್ಲೇ ಮೊದಲು, 2017ರಲ್ಲಿ, ತಂದ ರಾಜ್ಯ ನಮ್ಮದು. ಹೊಗೆಕೊಳವೆಯಿಲ್ಲದ ಗಾಡಿ ಜರಗನಹಳ್ಳಿಯ ಮಕ್ಕಳ ಎದೆಗೆ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆ ಗಾಡಿಗೆ ಕರೆಂಟು ರಾಯಚೂರಿನ ಕಲ್ಲಿದ್ದಲಿನಿಂದ ಬಂತೋ, 2,050 ಮೆಗಾವ್ಯಾಟಿನ ಪಾವಗಡದ ಸೋಲಾರ್ ಪಾರ್ಕಿನಿಂದ ಬಂತೋ ಎನ್ನುವುದು ಒಂದು ಪ್ರಶ್ನೆ. ಅದಕ್ಕೂ ಹತ್ತಿರದ ಪ್ರಶ್ನೆ, ಕೆಟ್ಟಾಗ ಯಾರು ಬಿಚ್ಚುತ್ತಾರೆ ಎನ್ನುವುದು.

ಇಲ್ಲಿ ಒಂದಿಷ್ಟು ಮೈಸೂರಿನ ಕಡೆ ಹೋಗಿಬರುತ್ತೇನೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಇಂದಿಗೂ ಓಡುತ್ತಿವೆ. ಯಾವ ಊರಿನ ಮೆಕ್ಯಾನಿಕ್ಕಾದರೂ ಒಂದಿಷ್ಟು ಸ್ಪ್ಯಾನರಿನಲ್ಲಿ ಅವನ್ನು ಪೂರ್ತಿ ಬಿಚ್ಚಿ ಜೋಡಿಸಬಲ್ಲ. ಅಷ್ಟು ಬಾಳುವ ಹಾಗೆ ಮಾಡಿದವರಿಗೆ ನನ್ನ ನಮಸ್ಕಾರ. ಆದರೆ ಅವು ಟೂ-ಸ್ಟ್ರೋಕ್. ಪೆಟ್ರೋಲಿನ ಜೊತೆ ಆಯಿಲನ್ನೂ ಸುಟ್ಟು ನೀಲಿ ಹೊಗೆ ಬಿಡುತ್ತಿದ್ದವು. 2020ರ ಏಪ್ರಿಲ್ 1ರಂದು ದೇಶ ಬಿಎಸ್-4 ಹೊಗೆ ಮಾನದಂಡದಿಂದ ನೇರ ಬಿಎಸ್-6ಕ್ಕೆ ಜಿಗಿದು, ಇಂಧನದ ಗಂಧಕ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಆ ಶುದ್ಧತೆಯನ್ನು ಬಿಟ್ಟುಕೊಟ್ಟು ಹಳೆಯದಕ್ಕೆ ಮರಳಿ ಎಂದು ಯಾರೂ ಕೇಳಲಾರರು. ಜಾವಾದ ಆಯುಸ್ಸು, ಇಂದಿನ ಗಾಡಿಯ ಶುದ್ಧತೆ ಎರಡೂ ಒಂದರಲ್ಲೇ ಬೇಕು. ಅದು ಆಗದ ಮಾತಲ್ಲ, ಆಗಬೇಕೆಂದು ಹಟ ಹಿಡಿದವರು ಕಡಿಮೆ.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಈಗ ಹೆಚ್ಚು ಕೇಳುವ ಮಾತು, "ಸಾರ್, ಇದು ಬಿಡಿಯಾಗಿ ಬರಲ್ಲ, ಸೆಟ್ಟೇ ಹಾಕ್ಬೇಕು." ಹಿಂದೆ ಒಂದು ಬುಷ್ ಬದಲಿಸಿದರೆ ಮುಗಿಯುತ್ತಿದ್ದ ಕಡೆ ಈಗ ಇಡೀ ಜೋಡಣೆಯನ್ನೇ ಎಸೆಯಬೇಕು. ಎಲೆಕ್ಟ್ರಿಕ್ ಸ್ಕೂಟರಾದರೆ, "ಅಣ್ಣಾ, ನಾವು ಮುಟ್ಟೋ ಹಾಗಿಲ್ಲ, ಕಂಪ್ನಿಗೇ ತಗೊಂಡ್ಹೋಗಿ." ಕೈಚಳಕವಿದ್ದರೂ ಒಳಗಿನ ಸಾಫ್ಟ್‌ವೇರ್ ಬಾಗಿಲು ತೆರೆಯುವುದಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿಗಾಗಿ ಪೋರ್ಟಲ್ ತೆರೆದು ವಾಹನಗಳನ್ನೂ ಅದರೊಳಗೆ ಸೇರಿಸಿತು. ಒಳ್ಳೆಯ ಹೆಜ್ಜೆ, ಸಾಲದು. ಬಿಡಿಭಾಗ ಬಿಡಿಯಾಗಿ ಸಿಗಬೇಕು, ರಿಪೇರಿಯ ಪುಸ್ತಕ ಬೀದಿಯ ಮೆಕ್ಯಾನಿಕ್ಕಿಗೂ ಸಿಗಬೇಕು, ಬ್ಯಾಟರಿಯೊಳಗೆ ಕೆಟ್ಟ ಕೋಶಗಳನ್ನಷ್ಟೇ ಬದಲಿಸುವ ಹಾಗೆ ಕಟ್ಟಬೇಕು. ಜರಗನಹಳ್ಳಿಯ ಗ್ಯಾರೇಜನ್ನು ಕಂಪನಿಗಳು ತಮ್ಮ ಪರಿಸರ ಕೆಲಸದ ಪಾಲುದಾರನೆಂದು ಎಣಿಸಿದ ದಿನ ಅವರ ವರದಿಗಳನ್ನು ನಾನು ನಂಬಲು ಶುರುಮಾಡುತ್ತೇನೆ.

ಹಳೆಯದನ್ನು ಮಾರಿದವರೇ ವಾಪಸು ಪಡೆಯುವ ಏರ್ಪಾಡನ್ನು ಸೀಸದ ಬ್ಯಾಟರಿಯ ವಿಷಯದಲ್ಲಿ ನಾವು ಮಾಡಿದ್ದೇವೆ. ಅಂಗಡಿಗೆ ಹಳೆಯದನ್ನು ಕೊಟ್ಟರೆ ಹೊಸದರಲ್ಲಿ ದುಡ್ಡು ಕಡಿತ. 2001ರ ನಿಯಮವೇ ಮಾರುವವರು ಹಳೆಯದನ್ನು ವಾಪಸು ತೆಗೆದುಕೊಳ್ಳಬೇಕೆಂದಿತು. 2022ರ ನಿಯಮ ಆ ಹೊಣೆಯನ್ನು ಎಲೆಕ್ಟ್ರಿಕ್ ವಾಹನದ ಬ್ಯಾಟರಿಗೂ ವಿಸ್ತರಿಸಿತು. ಗ್ಯಾರೇಜಿನ ಕಪ್ಪು ಆಯಿಲಿಗೂ 2024ರ ಏಪ್ರಿಲಿನಿಂದ ಆಯಿಲ್ ತಯಾರಕರದೇ ಹೊಣೆ ಎಂಬ ನಿಯಮ ಬಂದಿದೆ. ಇಲ್ಲಿ ನನಗೆ ಸಾರಕ್ಕಿ ಕೆರೆಯ ಯೋಚನೆ. 82 ಎಕರೆಯ ಆ ಕೆರೆಯನ್ನು 2015ರ ಏಪ್ರಿಲಿನಲ್ಲಿ ಒತ್ತುವರಿಯಿಂದ ಬಿಡಿಸಲು ಜಿಲ್ಲಾಡಳಿತ ಜೆಸಿಬಿ ತಂದಾಗ ಸುತ್ತಮುತ್ತಲಿನವರೆಲ್ಲ ಬೀದಿಗೆ ಬಂದಿದ್ದರು. ಅಷ್ಟು ಕಷ್ಟದಿಂದ ಉಳಿಸಿಕೊಂಡ ನೀರು ಕೆಡಲು ಒಂದು ಮೋರಿಯ ಮೂಲಕ ಇಳಿಯುವ ಆಯಿಲ್ ಸಾಕು. ಒಂದು ಲೀಟರು ಹಳೇ ಆಯಿಲ್ ಹತ್ತು ಲಕ್ಷ ಲೀಟರು ನೀರನ್ನು ಕೆಡಿಸಬಲ್ಲದು ಎನ್ನುತ್ತಾರೆ.

ಗಾಡಿಯ ಕೊನೆಗಾಲಕ್ಕೂ ಈಗ ಕಾನೂನಿದೆ. 2025ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದ ಪ್ರಕಾರ, ಸ್ವಂತ ಬಳಕೆಯ ವಾಹನವಾದರೆ 20 ವರ್ಷ, ಬಾಡಿಗೆಯದಾದರೆ 15 ವರ್ಷ ಹಿಂದೆ ತಾವು ಮಾರುಕಟ್ಟೆಗೆ ಬಿಟ್ಟ ಗಾಡಿಗಳಲ್ಲಿದ್ದ ಉಕ್ಕಿನ ಒಂದು ಪಾಲು ನೋಂದಾಯಿತ ಗುಜರಿ ಕೇಂದ್ರಗಳ ಮೂಲಕ ಮರಳಿ ಸಿಗುವಂತೆ ತಯಾರಕರು ನೋಡಿಕೊಳ್ಳಬೇಕು. ಮೊದಲ ಐದು ವರ್ಷ ಶೇ. 8, ಆಮೇಲೆ 13, 2035-36ರಿಂದ 18. ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಅದಿರಿನಿಂದ ತೆಗೆಯುವುದಕ್ಕಿಂತ ಎಷ್ಟೋ ಕಡಿಮೆ ಹೊಗೆ. ಶೇ. 18 ತೀರ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಬಿಚ್ಚಲು ಸುಲಭವಾಗುವಂತೆ ಕಟ್ಟಿದ ಕಂಪನಿಗೆ ಅದರ ಎರಡರಷ್ಟೂ ಕಷ್ಟವಲ್ಲ.

ಕಾರ್ಖಾನೆಗಳು ನಮ್ಮ ಮಾತು ಕೇಳುತ್ತವೆಯೇ ಎಂದು ನೀವು ಕೇಳಬಹುದು. ಕೊಳ್ಳುವವರ ಮಾತು ಕೇಳದ ಕಂಪನಿ ಇಲ್ಲ. ಮೈಲೇಜು ಎಷ್ಟು ಎಂದು ಎಲ್ಲರೂ ಕೇಳಿದ್ದರಿಂದಲೇ ಅಲ್ಲವೇ ಮೈಲೇಜು ಈ ದೇಶದ ಜಾಹೀರಾತುಗಳಲ್ಲಿ ದೊಡ್ಡಕ್ಷರವಾದದ್ದು? ಮುಂದಿನ ಸಲ ಶೋರೂಮಿಗೆ ಹೋದಾಗ ಬಣ್ಣ ಯಾವುದಿದೆ ಎನ್ನುವುದಕ್ಕೆ ಮೊದಲು, ಈ ಗಾಡಿಯ ತೂಕವೆಷ್ಟು, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಹೊರಗಿನ ಮೆಕ್ಯಾನಿಕ್ ಬಿಚ್ಚಬಹುದೇ, ಹಳೆಯದಾದಾಗ ನೀವೇ ವಾಪಸು ತಗೊಳ್ಳುತ್ತೀರಾ ಎಂದು ದಯವಿಟ್ಟು ಕೇಳಿ. ಉತ್ತರ ಬರುವ ತನಕ ಅಡ್ವಾನ್ಸ್ ಕೊಡಬೇಡಿ.