ಆಚೆ ದಡ ಎಷ್ಟು ದೂರ?

ಮಕ್ಕಳೇ, ನಿಮ್ಮ ಮನೆಯಿಂದ ಆಸ್ಪತ್ರೆ ಎಷ್ಟು ದೂರ? ಕಿಲೋಮೀಟರಿನಲ್ಲಿ ಹೇಳುವಿರಾ, ಗಂಟೆಯಲ್ಲಿ ಹೇಳುವಿರಾ?

ನನ್ನೂರು ಶಿವಮೊಗ್ಗ ಜಿಲ್ಲೆಯ ತುಮರಿಯ ಹತ್ತಿರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ನಮಗೂ ಸಾಗರ ಪೇಟೆಗೂ ನಡುವೆ ಶರಾವತಿಯ ಹಿನ್ನೀರು ತುಂಬಿಕೊಂಡಿತು. ಕಳಸವಳ್ಳಿ ದಡದಿಂದ ಅಂಬಾರಗೋಡ್ಲು ದಡಕ್ಕೆ ಲಾಂಚಿನಲ್ಲಿ ದಾಟಬೇಕಿತ್ತು.

ನಾನು ಆರನೇ ತರಗತಿಯಲ್ಲಿದ್ದಾಗ ಒಂದು ಸಂಜೆ ಅಜ್ಜಿಗೆ ವಿಪರೀತ ಹೊಟ್ಟೆನೋವು ಬಂತು. ನಾವು ದಡ ತಲುಪುವಷ್ಟರಲ್ಲಿ ಕೊನೆಯ ಲಾಂಚ್ ಹೋಗಿಯಾಗಿತ್ತು. ಆಚೆ ದಡದ ದೀಪ ಕಾಣುತ್ತಿತ್ತು. ಆದರೆ ಹೋಗುವುದು ಹೇಗೆ? ಕಾಡುದಾರಿಯಲ್ಲಿ ಸುತ್ತಿಕೊಂಡು ಹೋಗೋಣವೆಂದರೆ ಜೀಪು ಸಿಗಲಿಲ್ಲ. ಬೆಳಗಿನವರೆಗೂ ಅಜ್ಜಿಯ ಕೈ ಹಿಡಿದು ಕುಳಿತೆ. ಅಜ್ಜಿ ಉಳಿದುಕೊಂಡರು. ಆ ರಾತ್ರಿಯನ್ನು ಮಾತ್ರ ನಾನು ಮರೆತಿಲ್ಲ.

ಮುಂದೆ ಕಾಲೇಜಿನಲ್ಲಿ ಭೂಗೋಳ ಓದುವಾಗ ಸ್ವೀಡನ್ ದೇಶದ ಭೂಗೋಳ ವಿಜ್ಞಾನಿ ಟಾರ್ಸ್ಟನ್ ಹೇಗರ್‌ಸ್ಟ್ರಾಂಡ್ ಅವರ ವಿಚಾರ ತಿಳಿಯಿತು. 1970ರಲ್ಲಿ ಅವರ ಪ್ರಸಿದ್ಧ ಲೇಖನವೊಂದು ಪ್ರಕಟವಾಯಿತು. ಸ್ಥಳದ ಜೊತೆಗೆ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಅವರು ತೋರಿಸಿಕೊಟ್ಟರು. ಪ್ರಯಾಣಿಕನೂ ವಾಹನವೂ ಒಂದೇ ಜಾಗದಲ್ಲಿ, ಒಂದೇ ವೇಳೆಗೆ ಸೇರಬೇಕು. ಇಲ್ಲದಿದ್ದರೆ ದಾರಿ ಇದ್ದೂ ಇಲ್ಲದಂತೆ!

ಒಬ್ಬರ ದಿನವನ್ನು ಗೆರೆಯಾಗಿ ಬರೆಯುವುದು ಅವರ ವಿಧಾನ. ನೀವೂ ಮಾಡಿ ನೋಡಿ. ಹಾಳೆಯ ಕೆಳಗೆ ಅಡ್ಡಲಾಗಿ ಮನೆ, ಶಾಲೆ, ಅಂಗಡಿ ಎಂದು ಸ್ಥಳಗಳನ್ನು ಬರೆಯಿರಿ. ಎಡಬದಿಯಲ್ಲಿ ಕೆಳಗಿನಿಂದ ಮೇಲಕ್ಕೆ ಗಂಟೆಗಳನ್ನು ಗುರುತಿಸಿ. ಇದ್ದಲ್ಲೇ ಇದ್ದರೆ ಗೆರೆ ನೇರವಾಗಿ ಮೇಲೇರುತ್ತದೆ. ಹೊರಟರೆ ಓರೆಯಾಗುತ್ತದೆ. ಬೇಗ ಸಾಗಿದಷ್ಟೂ ಹೆಚ್ಚು ಓರೆ. ಅಜ್ಜಿಯ ಆ ರಾತ್ರಿಯನ್ನು ನಾನು ಹೀಗೆ ಬರೆದೆ. ದಡದ ಮೇಲೆ ಒಂದು ಉದ್ದನೆಯ ನೇರ ಗೆರೆ, ಅಷ್ಟೇ.

2025ರ ಜುಲೈ 14ರಂದು ಅಲ್ಲಿ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ಈಗ ಹಿನ್ನೀರು ದಾಟಲು ಕೆಲವೇ ನಿಮಿಷ ಸಾಕು. ಆದರೂ ಸ್ವಂತ ವಾಹನ ಇಲ್ಲದವರು ಬಸ್ಸಿಗಾಗಿ ಕಾಯಲೇಬೇಕಲ್ಲವೇ? ಆದ್ದರಿಂದ ಭೂಗೋಳ ವಿಜ್ಞಾನಿಗಳು ದಾರಿಯ ಉದ್ದ ಅಳೆದು ಸುಮ್ಮನಾಗುವುದಿಲ್ಲ. ಯಾರಿಗೆ, ಯಾವ ಹೊತ್ತಿನಲ್ಲಿ, ಎಷ್ಟು ದೂರ ಎಂದೂ ಕೇಳುತ್ತಾರೆ.

ನಿಮ್ಮ ಗೆರೆಯ ಪಕ್ಕದಲ್ಲಿ ನಿಮ್ಮ ಅಮ್ಮನ ಗೆರೆಯನ್ನೂ, ಅಜ್ಜಿಯ ಗೆರೆಯನ್ನೂ ಬರೆಯಿರಿ. ಯಾರು ಎಲ್ಲಿ ಹೆಚ್ಚು ಹೊತ್ತು ಕಾಯುತ್ತಾರೆ? ತರಗತಿಯಲ್ಲಿ ಎಲ್ಲರೂ ಹೋಲಿಸಿ ನೋಡಿ. ನಿಮ್ಮ ಊರಿನಲ್ಲಿ ಬಸ್ಸು ಯಾವ ಹೊತ್ತಿಗೆ ಬರಬೇಕೆಂದು ಆ ಗೆರೆಗಳೇ ಹೇಳುತ್ತವೆ.