ಹಸಿರೆಷ್ಟು, ಧೂಳೆಷ್ಟು?

2022ರ ಜನವರಿಯಲ್ಲಿ ಒಂದು ಭಾನುವಾರ. ಮುಂಬೈಯಲ್ಲಿ ನಾನಿದ್ದ ಬಿಲ್ಡಿಂಗ್ ಕೆಳಗಿನ ಕಾರುಗಳ ಮೇಲೆಲ್ಲ ಬಿಳಿ ಪುಡಿ. ಪಾಕಿಸ್ತಾನದ ಕಡೆ ಎದ್ದ ಧೂಳು ಅರಬ್ಬಿ ಸಮುದ್ರದ ಮೇಲೆ ಹಾದು ಬಂದಿದೆ ಅಂದ್ರು. ಎಲ್ಲರಿಗೂ ಕೆಮ್ಮಿನ ಚಿಂತೆ. ನನ್ನ ತಲೆಗೆ ಹುಳ ಹೊಕ್ಕಿದ್ದು ಬೇರೆ: ಇವತ್ತು ಉಪಗ್ರಹಕ್ಕೆ ಕಡಲು ಹೇಗೆ ಕಾಣ್ತಿರಬಹುದು?

ಉಪಗ್ರಹ ಕಡಲಿನ ಬಣ್ಣ ನೋಡೋದು ಚಂದಕ್ಕಲ್ಲ. ನೀರಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು, ಅಂದ್ರೆ ಫೈಟೋಪ್ಲಾಂಕ್ಟನ್, ನೀಲಿ ಬೆಳಕನ್ನು ಹೀರುತ್ತವೆ. ನೀಲಿ ಕುಗ್ಗಿ ಹಸಿರು ಉಳಿದ ಕಡೆ ಪ್ಲಾಂಕ್ಟನ್ ಜಾಸ್ತಿ, ಮೀನೂ ಇರಬಹುದು. ಇಸ್ರೋ 1999ರಲ್ಲಿ ಓಷನ್‌ಸ್ಯಾಟ್-1 ಹಾರಿಸಿದ್ದು ಈ ಬಣ್ಣ ನೋಡೋಕೇ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕಡಲಿನ ಬಣ್ಣ, ಉಷ್ಣಾಂಶ ನೋಡಿ ಮೀನು ಸಿಗಬಹುದಾದ ಜಾಗಗಳನ್ನು ಮೀನುಗಾರರಿಗೆ ತಿಳಿಸುತ್ತದೆ. ಮಲ್ಪೆಯ ಬೋಟಿನವರಿಗೆ ಅದು ಡೀಸೆಲ್ ಲೆಕ್ಕ.

ತೊಂದರೆ ಏನಂದ್ರೆ, ಉಪಗ್ರಹಕ್ಕೆ ಮುಟ್ಟುವ ಬೆಳಕಿನಲ್ಲಿ ಕಡಲೊಳಗಿಂದ ಬಂದದ್ದು ಸುಮಾರು ಹತ್ತರಲ್ಲಿ ಒಂದು ಪಾಲು. ಉಳಿದದ್ದು ಹೆಚ್ಚೂಕಡಿಮೆ ಗಾಳಿ ಚೆದುರಿಸಿದ್ದು. ಅದನ್ನು ಕಳೆಯಬೇಕು. ಇನ್‌ಫ್ರಾರೆಡ್‌ನಲ್ಲಿ ಆಳಸಮುದ್ರ ಬಹುತೇಕ ಕಪ್ಪು. ಅಲ್ಲಿ ಕಂಡದ್ದು ಗಾಳಿಯದೇ ಅಂತ ಹಿಡಿದು, ನೀಲಿಯಲ್ಲಿ ಎಷ್ಟು ಕಳೆಯಬೇಕು ಅಂತ ಅಂದಾಜು ಮಾಡ್ತಾರೆ. ಮರುಭೂಮಿಯ ಧೂಳು ಈ ಲೆಕ್ಕ ಕೆಡಿಸುತ್ತೆ. ಅದೂ ನೀಲಿಯನ್ನೇ ನುಂಗುತ್ತದಲ್ಲ! ಕಳೆಯಬೇಕಾದ್ದಕ್ಕಿಂತ ಹೆಚ್ಚು ಕಳೆದುಹೋಗಿ, ಇಲ್ಲದ ಪ್ಲಾಂಕ್ಟನ್ ನಕ್ಷೆಯಲ್ಲಿ ಮೂಡುತ್ತದೆ.

ಹಾಗಂತ ಧೂಳಿನ ಹಿಂದೆ ಬಂದ ಹಸಿರೆಲ್ಲ ಸುಳ್ಳು ಅನ್ನೋ ಹಾಗೂ ಇಲ್ಲ. ಧೂಳಲ್ಲಿ ಕಬ್ಬಿಣ ಇರುತ್ತೆ. ಕಬ್ಬಿಣದ ಕೊರತೆ ಇರುವ ನೀರಿಗೆ ಅದು ಗೊಬ್ಬರ. ಆದರೆ ಬೆಳೆಗೆ ಸಮಯ ಬೇಕು: ನಿಜವಾದ ಹಸಿರು ಕೆಲವು ದಿನ ಬಿಟ್ಟು ಬರುತ್ತದೆ, ಆಕಾಶ ತಿಳಿಯಾದ ಮೇಲೂ ಉಳಿಯುತ್ತದೆ. ಸುಳ್ಳು ಹಸಿರು ಧೂಳಿನ ಜೊತೆಗೇ ಬಂದು ಧೂಳಿನ ಜೊತೆಗೇ ಹೋಗುತ್ತದೆ. 2024ರ ಫೆಬ್ರವರಿಯಲ್ಲಿ ನಾಸಾ ಹಾರಿಸಿದ ಪೇಸ್ ಉಪಗ್ರಹದಲ್ಲಿ ಕಡಲಿನ ಬಣ್ಣದ ಜೊತೆಗೆ ಗಾಳಿಯಲ್ಲಿರುವ ಕಣಗಳನ್ನೂ ಅಳೆಯುವ ಉಪಕರಣಗಳಿವೆ.

ಧೂಳು ದಟ್ಟವಾಗಿದ್ದರೆ ನಕ್ಷೆಯಲ್ಲಿ ಆ ಜಾಗ ಖಾಲಿ ಬಿಡ್ತಾರೆ. ದಿನವಿಡೀ ಡ್ಯಾಶ್‌ಬೋರ್ಡ್ ನೋಡಿ ಬದುಕೋ ನಮ್ಮಂಥವರಿಗೆ ಖಾಲಿ ಜಾಗ ಕಂಡ್ರೆ ಕಿರಿಕಿರಿ. ನನಗೆ ಭಯ ಆಗೋದು ತೆಳು ಧೂಳಿನದು. ಅಲ್ಲಿ ನಕ್ಷೆ ಖಾಲಿ ಇರಲ್ಲ, ನೀಟಾಗಿ ಒಂದು ಅಂಕಿ ಕೂತಿರುತ್ತೆ. ಖಾಲಿ ಕಂಡರೆ ಬೋಟಿನವರು ತಮ್ಮ ಅನುಭವ ನಂಬಿ ಹೋಗ್ತಾರೆ. ತಪ್ಪು ಅಂಕಿ ನಂಬಿ ಹೋದರೆ ಸುಡೋದು ಅವರ ಡೀಸೆಲ್.